ನಿವೃತ್ತಿ ವೀಸಾ: ಅವರ ಜೊತೆ ಹೊರಟ ನಿಮ್ಮ ಹೆಸರು ಎಲ್ಲಿದೆ?

ಮಕ್ಕಳು ಓದಿ, ಕೆಲಸ ಹಿಡಿದು, ತಮ್ಮ ತಮ್ಮ ಗೂಡು ಸೇರಿಕೊಂಡಾಯಿತು. ಆಫೀಸಿನಲ್ಲಿ ಯಜಮಾನರಿಗೆ ಹೊದಿಸಿದ ಶಾಲು ಬೀರುವಿನ ಮೇಲಿನ ಅರೆ ಸೇರಿತು. ಒಂದು ಸಂಜೆ ಕಾಫಿ ಲೋಟ ಕೈಗೆ ಕೊಡುವಾಗ ಅವರು ಮೆಲ್ಲಗೆ ಶುರು ಮಾಡುತ್ತಾರೆ: 'ಈ ಟ್ರಾಫಿಕ್ಕು, ಈ ಧೂಳು ಸಾಕಾಗಿದೆ ಕಣೇ. ಥಾಯ್ಲೆಂಡಿನಲ್ಲಿ ರಿಟೈರ್ ಆದವರಿಗೇ ಅಂತ ವೀಸಾ ಕೊಡ್ತಾರಂತೆ. ಸಮುದ್ರದ ಪಕ್ಕ ಒಂದು ಸಣ್ಣ ಫ್ಲ್ಯಾಟ್ ಬಾಡಿಗೆಗೆ ಹಿಡಿದು ಆರಾಮಾಗಿ ಇದ್ದುಬಿಡೋಣ.'

ನೀವು ನಕ್ಕು ಸುಮ್ಮನಾಗುತ್ತೀರಿ. ಆದರೆ ಮರುವಾರ ಮನೆಗೆ ಏಜೆಂಟ್ ಬಂದು ಕೂತಿರುತ್ತಾನೆ!

ನಮ್ಮ ಪಕ್ಕದ ಬೀದಿಯ ಅಕ್ಕನ ಮನೆಯಲ್ಲಿ ಆದದ್ದೂ ಇದೇ. ಟೀಪಾಯ್ ತುಂಬಾ ಫಾರಂ ಹರಡಿತ್ತು. ಭಾವನ ಪೆನ್ಷನ್ ಪುಸ್ತಕ, ಭಾವನ ಬ್ಯಾಂಕ್ ಸ್ಟೇಟ್‌ಮೆಂಟ್, ಭಾವನ ಎಫ್‌ಡಿ ರಸೀದಿ... ಎಲ್ಲ ಭಾವನದೇ. 'ನನ್ನದೇನೂ ಬೇಡವಾ?' ಅಂತ ಅಕ್ಕ ಕೇಳಿದರು. 'ನೀವು ಸಾರ್ ಜೊತೆ ಡಿಪೆಂಡೆಂಟ್ ಆಗಿ ಬರ್ತೀರಮ್ಮ, ಪಾಸ್‌ಪೋರ್ಟು, ಫೋಟೋ ಸಾಕು' ಅಂದನಂತೆ ಏಜೆಂಟ್. ಆ ರಾತ್ರಿ ಅಕ್ಕನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಮ್ಮ ಮನೆಗೆ ಬಂದು ಕೇಳಿದ ಪ್ರಶ್ನೆ ಒಂದೇ: 'ಇವರಿಗೆ 68. ನಾಳೆ ಇವರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಊರಲ್ಲಿ ನಾನು ಯಾರು?'

ಅಪಶಕುನ ಅಂತ ಬಾಯಿ ಮುಚ್ಚಿಸುವ ಪ್ರಶ್ನೆ ಅಲ್ಲ ಇದು. ವೀಸಾ ಅರ್ಜಿ ಹಾಕುವ ಮೊದಲು ಪ್ರತಿ ಗೃಹಿಣಿಯೂ ಕೇಳಲೇಬೇಕಾದದ್ದು.

ಏನಿದು ನಿವೃತ್ತಿ ವೀಸಾ?

ಮಗನ ಮನೆಗೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬರುತ್ತೀರಲ್ಲ, ಅದು ಬರೀ ಭೇಟಿಯ ವೀಸಾ. ನಿವೃತ್ತಿ ವೀಸಾ ಬೇರೆ. ನಿಮಗೆ ಆ ದೇಶದಲ್ಲಿ ಮಕ್ಕಳಿರಬೇಕಿಲ್ಲ, ಕೆಲಸ ಇರಬೇಕಿಲ್ಲ. ವಯಸ್ಸಾಗಿದೆ, ಕೈಯಲ್ಲಿ ನಿಮ್ಮದೇ ದುಡ್ಡಿದೆ, ಇಲ್ಲಿ ಖರ್ಚು ಮಾಡಿಕೊಂಡು ಇರಿ ಅನ್ನುವ ಅನುಮತಿ ಅದು. ಅಮೆರಿಕದಲ್ಲಿ ಇಂಥ ವೀಸಾವೇ ಇಲ್ಲ. ಬ್ರಿಟನ್ನಿನಲ್ಲಿ ಇತ್ತು, 2008ರಲ್ಲಿ ನಿಲ್ಲಿಸಿಬಿಟ್ಟರು. ಮಲೇಷ್ಯಾದ 'ಎರಡನೇ ಮನೆ' ಯೋಜನೆಗೆ 2024ರ ಹೊಸ ನಿಯಮದಂತೆ ಸಾಮಾನ್ಯ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ ಇಡಬೇಕು, ಜೊತೆಗೆ ಮನೆಯನ್ನೂ ಕೊಳ್ಳಬೇಕು. ಹೀಗಾಗಿ ಪೆನ್ಷನ್ ನಂಬಿದ ನಮ್ಮಂಥವರ ಕಣ್ಣು ಥಾಯ್ಲೆಂಡಿನ ಮೇಲೆ ಬೀಳೋದು ಸಹಜ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗೆ ಬ್ಯಾಂಕಾಕ್. ಗಡಿಯಾರದ ವ್ಯತ್ಯಾಸ ಬರೀ ಒಂದೂವರೆ ಗಂಟೆ.

ಅಲ್ಲಿನ ನಿಯಮ ಹೀಗಿದೆ. ಅರ್ಜಿದಾರರಿಗೆ 50 ವರ್ಷ ತುಂಬಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ಇರಬೇಕು, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಆಗಬೇಕು. (ಬಾತ್ ಅಂದರೆ ವಾಂಗಿಬಾತ್ ಅಲ್ಲ ಮಾರಾಯ್ರೇ, ಅಲ್ಲಿನ ದುಡ್ಡು!) ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಹಿಡಿದರೆ 20ರಿಂದ 24 ಲಕ್ಷ ರೂಪಾಯಿ ಆಯಿತು. ತಿಂಗಳಿಗೆ 65 ಸಾವಿರ ಬಾತ್ ಅಂದರೆ ಒಂದೂವರೆ ಲಕ್ಷಕ್ಕಿಂತ ಮೇಲೆ. ಅಷ್ಟು ಪೆನ್ಷನ್ ಎಷ್ಟು ಜನಕ್ಕೆ ಬರುತ್ತೆ? ಆದ್ದರಿಂದ ಹೆಚ್ಚಿನವರು ಠೇವಣಿಯ ದಾರಿಯನ್ನೇ ಹಿಡಿಯುತ್ತಾರೆ.

ಹೋಗಲು ಎರಡು ದಾರಿ. ಒಂದು 'ಓ-ಎ' ವೀಸಾ, ಇಲ್ಲಿಂದಲೇ ಒಂದು ವರ್ಷಕ್ಕೆ ಸಿಗುತ್ತದೆ. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪ್ರಮಾಣಪತ್ರ, 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ, ಎಲ್ಲ ಬೇಕು. ಇನ್ನೊಂದು 'ಓ' ವೀಸಾ. 90 ದಿನಕ್ಕೆ ಹೋಗಿ, ಅಲ್ಲೇ ಬ್ಯಾಂಕ್ ಖಾತೆ ತೆರೆದು, ವಲಸೆ ಕಚೇರಿಯಲ್ಲಿ ಒಂದು ವರ್ಷಕ್ಕೆ ವಿಸ್ತರಣೆ ಕೇಳೋದು. ಆಮೇಲೆ ವರ್ಷ ವರ್ಷವೂ ಅದೇ ಕೆಲಸ. 2025ರ ಜನವರಿಯಿಂದ ಭಾರತದಲ್ಲಿ ಅರ್ಜಿಯೆಲ್ಲ ಆನ್‌ಲೈನ್‌ನಲ್ಲೇ. ಹತ್ತು ವರ್ಷದ 'ಓ-ಎಕ್ಸ್' ವೀಸಾ ಕೊಡಿಸ್ತೀನಿ ಅಂತ ಯಾರಾದರೂ ಅಂದರೆ ಬಾಗಿಲು ತೋರಿಸಿ. ಅದು 14 ದೇಶಗಳ ಪ್ರಜೆಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಭಾರತ ಇಲ್ಲ.

ವಿಸ್ತರಣೆಗೆ ಹೋಗುವವರ ಠೇವಣಿ ಸುಮ್ಮನೆ ತೋರಿಸಿ ತೆಗೆಯುವ ದುಡ್ಡಲ್ಲ. ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಮುಟ್ಟುವ ಹಾಗಿಲ್ಲ. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಹತ್ತು ಹನ್ನೆರಡು ಲಕ್ಷ ರೂಪಾಯಿ ವರ್ಷಪೂರ್ತಿ ಅಲ್ಲೇ ಕಟ್ಟಿಹಾಕಿದ ಹಾಗೆ. ಆಸ್ಪತ್ರೆ ಖರ್ಚಿಗೆ ಅಂತ ತೆಗೆದರೂ ಮುಂದಿನ ವರ್ಷದ ವಿಸ್ತರಣೆಗೆ ಕಲ್ಲು ಬಿತ್ತು.

ಅವಲಂಬಿತೆ ಅಂದರೆ ಏನು?

ಈಗ ಅಕ್ಕನ ಪ್ರಶ್ನೆಗೆ ಬರೋಣ. ಗಂಡನ ಹೆಸರಲ್ಲಿ ನಿವೃತ್ತಿ ಅನುಮತಿ ಇದ್ದರೆ ಹೆಂಡತಿ ಅವಲಂಬಿತೆಯಾಗಿ ಅವರ ಜೊತೆಗಿರಬಹುದು. ಬೇರೆ ಠೇವಣಿ ಬೇಡ, ಮದುವೆ ಪ್ರಮಾಣಪತ್ರ ಸಾಕು. ಕೇಳೋಕೆ ಎಷ್ಟು ಸಲೀಸು! 20 ಲಕ್ಷ ಉಳಿಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ.

ಆದರೆ ನಿಮ್ಮ ಅನುಮತಿ ನಿಂತಿರೋದು ಅವರ ಅನುಮತಿಯ ಹೆಗಲ ಮೇಲೆ. ಅವರದ್ದು ಮುಗಿದರೆ ನಿಮ್ಮದೂ ಮುಗಿಯಿತು. ಅವರು ತೀರಿಕೊಂಡರೂ ಅಷ್ಟೇ. ನೀವು ಅಲ್ಲೇ ಉಳಿಯಬೇಕಾದರೆ ನಿಮ್ಮದೇ ಹೆಸರಲ್ಲಿ 8 ಲಕ್ಷ ಬಾತ್ ತೋರಿಸಿ ಹೊಸದಾಗಿ ಅರ್ಜಿ ಹಾಕಬೇಕು. ಆ ದುಡ್ಡು ಎಲ್ಲಿದೆ? ಅವರ ಖಾತೆಯಲ್ಲಿ. ನಮ್ಮಲ್ಲಿ ಬ್ಯಾಂಕಿನವರು ನಾಮಿನಿ ಹೆಸರು ನೋಡಿ, ಮರಣ ಪತ್ರ ಪಡೆದು ದುಡ್ಡು ಕೊಡ್ತಾರೆ. ಅಲ್ಲಿ ಆ ಪದ್ಧತಿ ಇಲ್ಲ. ಖಾತೆದಾರ ಹೋದರೆ ಖಾತೆ ಬಂದ್. ಅಲ್ಲಿನ ನ್ಯಾಯಾಲಯ ಆಸ್ತಿಗೆ ಒಬ್ಬ ನಿರ್ವಾಹಕರನ್ನು ನೇಮಿಸಿ ಆದೇಶ ಕೊಟ್ಟ ಮೇಲೆಯೇ ಬ್ಯಾಂಕು ಕೈ ಬಿಚ್ಚುವುದು. ಅದಕ್ಕೆ ವಕೀಲರು ಬೇಕು, ತಿಂಗಳುಗಳು ಬೇಕು. ಭಾಷೆ ಬಾರದ ಊರಲ್ಲಿ, ದುಃಖದಲ್ಲಿ ಕೂತವಳ ಕೈಯಲ್ಲಿ ಮನೆ ಬಾಡಿಗೆಗೂ ದುಡ್ಡಿಲ್ಲ, ಪಾಸ್‌ಪೋರ್ಟಿನಲ್ಲಿ ದಿನವೂ ಇಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್‌ನಂತೆ 20 ಸಾವಿರದವರೆಗೂ ದಂಡ. 90 ದಿನ ಮೀರಿದರೆ ಮತ್ತೆ ಆ ದೇಶಕ್ಕೆ ಕಾಲಿಡದಂತೆ ನಿಷೇಧವೂ ಬೀಳುತ್ತದೆ.

ಹೆದರಿಸೋಕೆ ಹೇಳ್ತಿಲ್ಲ. ಇದಕ್ಕೆ ಪರಿಹಾರ ಇದೆ, ಅದೂ ಹೊರಡುವ ಮೊದಲೇ ಮಾಡಿಕೊಳ್ಳಬಹುದಾದದ್ದು.

ನಿಮಗೂ 50 ದಾಟಿದ್ದರೆ, ದುಡ್ಡಿಗೆ ಅನುಕೂಲ ಇದ್ದರೆ, ನೀವೂ ಪ್ರತ್ಯೇಕವಾಗಿ ಅರ್ಜಿ ಹಾಕಿ. ನಿಮ್ಮ ಹೆಸರಲ್ಲೇ ಖಾತೆ, ನಿಮ್ಮ ಹೆಸರಲ್ಲೇ ಠೇವಣಿ. 'ಎರಡು ಪಟ್ಟು ದುಡ್ಡು ಯಾಕೆ ಕಟ್ಟಿಹಾಕಬೇಕು?' ಅಂತ ಯಜಮಾನರು ಗೊಣಗಬಹುದು. ಅದು ಖರ್ಚಾಗುವ ದುಡ್ಡಲ್ಲ, ನಿಮ್ಮ ಖಾತೆಯಲ್ಲೇ ಇರುವ ದುಡ್ಡು ಅಂತ ಹೇಳಿ. ಇಬ್ಬರಿಗೂ ಸೇರಿ 40 ಲಕ್ಷ ಕಟ್ಟಿಡುವ ಶಕ್ತಿ ಇಲ್ಲದಿದ್ದರೆ? ಆಗ ಊರಿನಲ್ಲಾದರೂ ನಿಮ್ಮೊಬ್ಬರ ಹೆಸರಲ್ಲಿ, ಯಾರ ಸಹಿಯೂ ಬೇಡದೆ ತೆಗೆಯಬಹುದಾದ ಒಂದಿಷ್ಟು ಹಣ ಇರಲಿ. ಕೊನೇ ಪಕ್ಷ ಮರಳಿ ಬರುವ ಟಿಕೆಟ್ಟು, ಮೂರು ತಿಂಗಳ ಬಾಡಿಗೆ. ಅಷ್ಟೂ ಇಲ್ಲ ಅಂದರೆ ಈ ಯೋಜನೆಯೇ ನಿಮ್ಮ ಮನೆಗೆ ಹೊಂದೋದಿಲ್ಲ, ನನ್ನ ಮಾತು ಕಟುವಾದರೂ ಅಷ್ಟೇ.

ಎರಡನೆಯದು ಉಯಿಲು. ಊರಲ್ಲಿರುವ ಆಸ್ತಿಗೆ ಬರೆದ ಉಯಿಲಿದ್ದರೂ ಥಾಯ್ಲೆಂಡಿನಲ್ಲಿರುವ ಹಣಕ್ಕೆ ಅಲ್ಲಿನ ವಕೀಲರಿಂದ ಒಂದು ಬೇರೆ ಉಯಿಲು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನಿರ್ವಾಹಕರು ಯಾರು ಅಂತ ಅದರಲ್ಲೇ ಹೆಸರಿಸುವುದು ಒಳ್ಳೆಯದು. ನ್ಯಾಯಾಲಯಕ್ಕೆ ಹೋಗೋದು ತಪ್ಪೋದಿಲ್ಲ, ಅಲೆದಾಟ ತಗ್ಗುತ್ತದೆ. ಒಂದು ಉಯಿಲು ಇನ್ನೊಂದನ್ನು ರದ್ದು ಮಾಡದ ಹಾಗೆ ಬರೆಯೋಕೆ ಮಾತ್ರ ಇಬ್ಬರು ವಕೀಲರಿಗೂ ಹೇಳಿಬಿಡಿ.

ಇನ್ನು ಅಲ್ಲಿ ಮನೆ ಕೊಳ್ಳುವ ಆಸೆ ಇದ್ದರೆ ಒಂದು ಮಾತು. ವಿದೇಶೀಯರು ಥಾಯ್ಲೆಂಡಿನಲ್ಲಿ ಜಮೀನು ಕೊಳ್ಳುವಂತಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದಲ್ಲಿ ಶೇ 49ರಷ್ಟು ಜಾಗ ಮಾತ್ರ ವಿದೇಶೀಯರ ಪಾಲು. ಮೊದಲ ಎರಡು ವರ್ಷ ಬಾಡಿಗೆಯೇ ಕ್ಷೇಮ.

ಹೆಸರಿನ ಗೋಜಲು

ನನ್ನನ್ನು ಕೇಳಿದರೆ ನಮ್ಮ ಕಡೆಯ ಹೆಂಗಸರಿಗೆ ದುಡ್ಡಿಗಿಂತ ದೊಡ್ಡ ತೊಡಕು ಹೆಸರು! ಶಾಲೆಯ ದಾಖಲೆಯಲ್ಲಿ ತಂದೆಯ ಇನಿಷಿಯಲ್. ಮದುವೆಯ ದಿನ ಗಂಡನ ಮನೆಯವರು ಇಟ್ಟ ಹೊಸ ಹೆಸರು. ಆಧಾರ್‌ನಲ್ಲಿ ಗಂಡನ ಹೆಸರು ಬಾಲವಾಗಿ ಸೇರಿದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಮನೆತನದ ಹೆಸರಾಗಿ ಕೂತಿದೆ. ಗಂಡನ ಪೆನ್ಷನ್ ಆದೇಶದಲ್ಲಿ ಮತ್ತೊಂದು ಹೆಸರು. ಇಲ್ಲಿ ಹೇಗೋ ನಡೆದುಹೋಗುತ್ತದೆ, 'ಅವರೇ ಇವರು' ಅಂತ ಒಂದು ಅಫಿಡವಿಟ್ ಕೊಟ್ಟರೆ ಮುಗೀತು. ಅಲ್ಲಿನ ವಲಸೆ ಕಚೇರಿಯ ಮೇಜಿನ ಮುಂದೆ ಮೂರು ಹೆಸರಿನ ಒಬ್ಬ ಹೆಂಗಸು ಮೂರು ಜನ.

ಅದರ ಮೇಲೆ ಮದುವೆ ಪ್ರಮಾಣಪತ್ರ. ನಲವತ್ತು ವರ್ಷದ ಹಿಂದೆ ಛತ್ರದಲ್ಲಿ ಮದುವೆಯಾದವರಲ್ಲಿ ಎಷ್ಟು ಜನ ನೋಂದಣಿ ಮಾಡಿಸಿದ್ದಾರೆ? ಅಕ್ಕನೂ ಮಾಡಿಸಿರಲಿಲ್ಲ. ಈಗಲೂ ಮಾಡಿಸಬಹುದು, ತಡವಾಯಿತು ಅಂತೇನಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ಗುರುತಿನ ಚೀಟಿ, ಸಾಕ್ಷಿಗಳು ಇದ್ದರೆ ಆಗುತ್ತದೆ. ಕರ್ನಾಟಕದಲ್ಲಿ 2024ರಿಂದ ಹಿಂದೂ ವಿವಾಹ ನೋಂದಣಿಗೆ ಆನ್‌ಲೈನ್ ಅರ್ಜಿಯೂ ಬಂದಿದೆ. ಅಕ್ಕ ಅಟ್ಟದ ಟ್ರಂಕು ಇಳಿಸಿ ಲಗ್ನಪತ್ರಿಕೆ ಹುಡುಕಿದರು. ಸಿಕ್ಕಿತು. ಆದರೆ ಅದರಲ್ಲಿದ್ದದ್ದು ತವರಿನ ಹೆಸರು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲವಂತೆ. ಆಮೇಲೆ ಶಾಲೆಯ ವರ್ಗಾವಣೆ ಪತ್ರ, ಅಫಿಡವಿಟ್ ಅಂತ ಓಡಾಡಿ ಸರಿಮಾಡಿಕೊಂಡರು. ಆದ್ದರಿಂದ ವೀಸಾ ಮಾತು ಬಂದ ದಿನವೇ ಎಲ್ಲ ಕಾಗದವನ್ನೂ ಸಾಲಾಗಿ ಇಟ್ಟು ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯಾ ಅಂತ ನೋಡಿ. ಗಂಡನ ಪೆನ್ಷನ್ ಆದೇಶದಲ್ಲಿ ನಿಮ್ಮ ಹೆಸರು, ಜನ್ಮದಿನಾಂಕ ಸರಿಯಾಗಿ ಇದೆಯಾ ಅನ್ನೋದನ್ನಂತೂ ಮರೆಯಬೇಡಿ. ನಾಳೆ ಕುಟುಂಬ ಪಿಂಚಣಿ ಬರಬೇಕಾದದ್ದು ಆ ಸಾಲಿನಿಂದಲೇ.

ದುಡ್ಡು ಕಳಿಸುವಾಗ

ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್. ನಮಗೆ ಅದು ಬೇಕಾದಷ್ಟಾಯಿತು. ಸಿಕ್ಕಿಹಾಕಿಕೊಳ್ಳೋದು ಟಿಸಿಎಸ್‌ನಲ್ಲಿ. ಇಂಥ ಉದ್ದೇಶಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ಹಿಡಿದುಕೊಳ್ಳುತ್ತದೆ. ಇಲ್ಲೊಂದು ಲೆಕ್ಕ ನೋಡಿ. 40 ಲಕ್ಷವನ್ನೂ ಯಜಮಾನರೇ ಕಳಿಸಿದರೆ 30 ಲಕ್ಷದ ಮೇಲೆ 6 ಲಕ್ಷ ಹಿಡಿದರು. ಇಬ್ಬರೂ 20 ಲಕ್ಷದಂತೆ ಅವರವರ ಖಾತೆಯಿಂದ ಕಳಿಸಿದರೆ ತಲಾ 2 ಲಕ್ಷ, ಒಟ್ಟು 4 ಲಕ್ಷ. ನಿಮ್ಮ ಹೆಸರಲ್ಲಿ ಪ್ರತ್ಯೇಕವಾಗಿ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ಯಜಮಾನರ ಮುಂದೆ ಇಡಬಹುದು!

ಈ ಹಣ ಹೋದದ್ದಲ್ಲ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದರೆ ತೆರಿಗೆಗೆ ಜಮಾ ಆಗಿ, ಮಿಕ್ಕದ್ದು ವಾಪಸ್ ಬರುತ್ತದೆ. ಹಾಗಾಗಿ ನಿಮ್ಮ ಹೆಸರಲ್ಲಿ ಪ್ಯಾನ್ ಇರಲೇಬೇಕು, ದುಡಿಮೆ ಇಲ್ಲದಿದ್ದರೂ ರಿಟರ್ನ್ಸ್ ಹಾಕಬೇಕು. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ಕಾಣಿಕೆ ತೆರಿಗೆ ಇಲ್ಲ, ಆದರೆ ಅದರಿಂದ ಬರುವ ಬಡ್ಡಿಯನ್ನು ಅವರ ಆದಾಯಕ್ಕೆ ಸೇರಿಸುತ್ತಾರೆ. ಆಡಿಟರ್ ಹತ್ತಿರ ಹೋಗುವಾಗ ನೀವೂ ಹೋಗಿ, ಆಚೆ ಬೆಂಚಿನಲ್ಲಿ ಕೂರಬೇಡಿ. ಅಲ್ಲೇ ಇನ್ನೂ ಒಂದು ವಿಷಯ ಕೇಳಿ: ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದವರು ಹೊರಗಿನಿಂದ ತರಿಸಿಕೊಳ್ಳುವ ಆದಾಯಕ್ಕೆ 2024ರಿಂದ ಅಲ್ಲೂ ತೆರಿಗೆಯ ಲೆಕ್ಕ ಬರುತ್ತದೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆ, ನಿಮ್ಮ ಪೆನ್ಷನ್ನಿಗೆ ಅದು ಹೇಗೆ ತಾಗುತ್ತದೆ ಅಂತ ಬರೆಸಿಕೊಳ್ಳಿ.

ಊರಿನ ಮನೆ ಬಾಡಿಗೆಗೆ ಕೊಡ್ತೀರಾ? ಅನಿವಾಸಿಯಾದ ಮೇಲೆ ನಿಮ್ಮ ಬಾಡಿಗೆದಾರ ಶೇ 30ರಷ್ಟು ತೆರಿಗೆ (ಸೆಸ್ ಬೇರೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಈ ತಾಪತ್ರಯಕ್ಕೆ ಅನಿವಾಸಿಗಳ ಮನೆ ಬೇಡ ಅನ್ನುವವರೂ ಇದ್ದಾರೆ. ಉಳಿತಾಯ ಖಾತೆಯನ್ನೂ ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕಾಗುತ್ತದೆ. ಸರ್ಕಾರಿ ಪೆನ್ಷನ್‌ದಾರರ ನವೆಂಬರಿನ ಲೈಫ್ ಸರ್ಟಿಫಿಕೇಟಿಗೆ ಮಾತ್ರ ಈಗ ಚಿಂತೆ ಇಲ್ಲ, 2021ರಿಂದ ಮೊಬೈಲಿನಲ್ಲೇ ಮುಖ ತೋರಿಸಿ ಕೊಡುವ ವ್ಯವಸ್ಥೆ ಬಂದಿದೆ.

ಅಲ್ಲಿನ ಸಂಸಾರ

ಅಲ್ಲಿರುವ ಪ್ರತಿಯೊಬ್ಬ ವಿದೇಶೀಯರೂ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಮರೆತರೆ 2 ಸಾವಿರ ಬಾತ್ ದಂಡ. ಗ್ಯಾಸ್ ಬುಕ್ ಮಾಡಿದ ದಿನ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದುಕೊಂಡರೆ ಆಯಿತು.

ಅದಕ್ಕಿಂತ ಹೆಚ್ಚು ಜನ ಎಡವೋದು ಮರುಪ್ರವೇಶ ಪರವಾನಗಿಯಲ್ಲಿ. ಮಗಳ ಬಾಣಂತನ ಅಂತಲೋ, ತಮ್ಮನ ಮಗನ ಮದುವೆ ಅಂತಲೋ ದಿಢೀರನೆ ಊರಿಗೆ ಹೊರಡುತ್ತೀರಿ. ಹೊರಡುವ ಮೊದಲು ಈ ಪರವಾನಗಿ ಪಡೆಯದಿದ್ದರೆ, ವಿಮಾನ ಹತ್ತಿದ ಕ್ಷಣವೇ ಅಷ್ಟು ಕಷ್ಟಪಟ್ಟು ಮಾಡಿಸಿದ ವಿಸ್ತರಣೆ ರದ್ದು! ಮತ್ತೆ ಮೊದಲಿನಿಂದ ಶುರು. ಒಂದು ಸಲಕ್ಕೆ ಸಾವಿರ ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800 ಬಾತ್. ನಮ್ಮಂಥ ಬಂಧುಬಳಗದವರು ವಿಸ್ತರಣೆ ಆದ ದಿನವೇ ಎರಡನೆಯದನ್ನು ಮಾಡಿಸಿಕೊಳ್ಳೋದು ಜಾಣತನ.

ಕೆಲಸ ಮಾಡುವ ಹಾಗಿಲ್ಲ ಅನ್ನೋದು ನಿಮಗೂ ಸೇರಿ. 'ನಾನೇನು ಆಫೀಸಿಗೆ ಹೋಗ್ತೀನಾ' ಅನ್ಬೇಡಿ. ಅಕ್ಕಪಕ್ಕದ ಭಾರತೀಯರಿಗೆ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರಿದರೂ, ಮಕ್ಕಳಿಗೆ ದುಡ್ಡು ಪಡೆದು ಸಂಗೀತ ಹೇಳಿಕೊಟ್ಟರೂ ಅದು ಕೆಲಸವೇ.

ಊಟದ ಮಾತು ಹೇಳದಿದ್ದರೆ ಹೇಗೆ? ತೆಂಗಿನಕಾಯಿ, ಹುಣಸೆ, ಬಾಳೆಎಲೆ ಎಲ್ಲ ಸಿಗುವ ನಾಡು. ಬ್ಯಾಂಕಾಕಿನ ಫಾಹುರತ್ ಪೇಟೆಯಲ್ಲಿ ಭಾರತೀಯ ಅಂಗಡಿಗಳ ಸಾಲೇ ಇದೆ. ಸೀಲೋಂ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯೂ ಇದೆ. ಆದರೆ ಸಸ್ಯಾಹಾರಿಗಳೇ, ಬರೀ ತರಕಾರಿ ಅಂತ ಕೊಟ್ಟ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. 'ಜೇ' ಅನ್ನುವ ಒಂದು ಪದ ಕಲಿತುಕೊಳ್ಳಿ. ಚೀನೀ ಮೂಲದ ವ್ರತದ ಊಟ ಅದು, ಮಾಂಸ ಮೀನು ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ.

ಆಸ್ಪತ್ರೆಗಳು ಚೆನ್ನಾಗಿವೆ, ಬಿಲ್ಲೂ ಅಷ್ಟೇ ಚೆನ್ನಾಗಿರುತ್ತದೆ. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯೋದಿಲ್ಲ. 70 ದಾಟಿದ ಮೇಲೆ ಹೊಸ ವಿಮೆ ಸಿಗೋದು ಕಷ್ಟ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯನ್ನು ಹೊರಗಿಟ್ಟೇ ಕೊಡುವ ಕಂಪನಿಗಳೂ ಉಂಟು. ಪಾಲಿಸಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ನೀವೇ ಓದಿ. ಅಲ್ಲಿಗೆ ಹೋದ ಮೇಲೆ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಇಬ್ಬರ ಹೆಸರನ್ನೂ ನೋಂದಾಯಿಸಿ. ಚಿಯಾಂಗ್ ಮಾಯ್ ಕಡೆ ಇರುವವರಿಗೆ ಅಲ್ಲೇ ಕಾನ್ಸುಲೇಟ್ ಇದೆ.

ಅಕ್ಕ ಏನು ಮಾಡಿದರು ಅಂತ ಕೇಳ್ತೀರಾ? ಏಜೆಂಟಿಗೆ 'ಆಮೇಲೆ ಹೇಳ್ತೀವಿ' ಅಂದರು. ತಮ್ಮ ಹೆಸರಲ್ಲಿ ಪ್ಯಾನ್ ಮಾಡಿಸಿದರು, ಭಾವನ ಎರಡು ಎಫ್‌ಡಿ ಅವಧಿ ಮುಗಿದಾಗ ಒಂದನ್ನು ತಮ್ಮ ಖಾತೆಗೆ ಹಾಕಿಸಿಕೊಂಡರು. ಭಾವ ಮೊದಲು ಮುಖ ಊದಿಸಿಕೊಂಡರೂ ಆಮೇಲೆ ಟಿಸಿಎಸ್ ಲೆಕ್ಕ ನೋಡಿ ಒಪ್ಪಿದರಂತೆ. ಈಗ ಇಬ್ಬರೂ ಸುಮ್ಮನೆ ಪ್ರವಾಸಿಗಳಾಗಿ ಒಂದು ತಿಂಗಳು ಹೋಗಿ, ಹೋಟೆಲಿನಲ್ಲಲ್ಲ, ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದು ನೋಡ್ತಾರಂತೆ. ಡಿಸೆಂಬರಿನಲ್ಲಿ ಹೋಗೋಣ, ತಂಪಾಗಿರುತ್ತೆ ಅಂತ ಭಾವ. ಬೇಡ, ಏಪ್ರಿಲಿನಲ್ಲೇ ಹೋಗೋಣ, ಆ ಸೆಕೆ ತಡೆಯೋಕೆ ಆಗುತ್ತಾ ನೋಡಬೇಕು ಅಂತ ಅಕ್ಕ. ಟಿಕೆಟ್ ಏಪ್ರಿಲಿಗೇ ಆಗಿದೆ.